ಸ್ಕೋಪ್ಯೆಗೆ ಹೊರಟು ನಿಂತವಳಿಗೆ



ಉತ್ತರ ಮ್ಯಾಸಿಡೋನಿಯದ ವೀಸಾ ಕೈಗೆ ಬಂತು, ಚಳಿಯ ಬಟ್ಟೆ ಕೊಂಡಾಯಿತು ಎಂದು ಬರೆದಿದ್ದೀಯ, ಸಂತೋಷ. ಅದರ ಬೆನ್ನಿಗೇ ‘ಆಫೀಸಿನಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತದಂತೆ, ಎರಡು ವರ್ಷದ ಮಟ್ಟಿಗೆ ಹೋಗುವವಳು ಮ್ಯಾಸಿಡೋನಿಯನ್ ಕಟ್ಟಿಕೊಂಡು ಏನು ಮಾಡಲಿ’ ಎಂದೂ ಬರೆದಿದ್ದೀಯಲ್ಲ, ಈ ಪತ್ರ ಆ ಸಾಲಿಗೆ ಉತ್ತರ. ನಿನ್ನಂತೆ ಹೊರಟು ನಿಂತ ಇನ್ನೂ ನಾಲ್ಕು ಮಂದಿ ಓದಲಿ ಎಂದು ಪತ್ರಿಕೆಗೇ ಕೊಡುತ್ತಿದ್ದೇನೆ. ಕಲಿಯುವುದೂ ಬಿಡುವುದೂ ನಿನ್ನಿಷ್ಟ, ಎರಡೂ ಕಡೆಯ ಮಾತನ್ನು ತೂಗಿಯೇ ಹೇಳುತ್ತೇನೆ. ಇಡೀ ಭಾಷೆ ಕಲಿ ಎನ್ನುತ್ತಿಲ್ಲ. ಹೊತ್ತಿಗೆ ತಕ್ಕ ಒಂದು ವಂದನೆ, ಕ್ಷೇಮ ಕೇಳುವ ಒಂದು ಮಾತು, ನಾನು ಇಂಥವಳು, ಇಂಥ ಕಡೆಯವಳು ಎನ್ನುವ ಎರಡು ವಾಕ್ಯ. ಇಷ್ಟನ್ನೂ ಕಲಿಯದೆ ಒಂದು ದೇಶದಲ್ಲಿ ಎರಡು ವರ್ಷ ಇದ್ದು ಬರುವುದು ನನಗೆ ಸರಿ ಕಾಣುವುದಿಲ್ಲ. ವಿಷಯ ತಿಳಿಸುವುದಕ್ಕೆ ಇಂಗ್ಲಿಷ್ ಸಾಕಾಗಬಹುದು. ಎದುರಿಗಿರುವವರನ್ನು ನಾವು ಯಾವ ಸ್ಥಾನದಲ್ಲಿಟ್ಟು ನೋಡುತ್ತಿದ್ದೇವೆ ಎಂಬುದು ಮಾತ್ರ ಅವರ ಭಾಷೆಯ ಮೊದಲ ವಾಕ್ಯದಲ್ಲೇ ಗೊತ್ತಾಗುತ್ತದೆ.

ಪರಊರಿಗೆ ಹೋಗಿ ಬಾಳುವುದು ಕನ್ನಡಿಗರಿಗೆ ಹೊಸದೇನಲ್ಲ. ನಮ್ಮ ತಲೆಮಾರಿನವರು, ಅದರ ಹಿಂದಿನವರು ಹೆಚ್ಚಾಗಿ ಹೋದದ್ದು ಮುಂಬಯಿಗೆ. ಕರಾವಳಿಯಿಂದ ಹೋಟೆಲು ಕೆಲಸಕ್ಕೆ ಹೋದ ಹುಡುಗರು ಹಗಲೆಲ್ಲ ಲೋಟ ತೊಳೆದು, ಮೇಜು ಒರೆಸಿ, ರಾತ್ರಿ ಕನ್ನಡ ಶಾಲೆಗಳಲ್ಲಿ ಕುಳಿತು ಓದಿದರು. ಆ ರಾತ್ರಿಶಾಲೆಗಳ ಕಥೆಯನ್ನು ಎಲ್ಲರೂ ಅಭಿಮಾನದಿಂದ ಹೇಳುತ್ತಾರೆ. ಅದೇ ಹುಡುಗರು ಹಗಲಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ, ಮೇಜಿನ ಪಕ್ಕ ನಿಂತು ಮರಾಠಿ, ಹಿಂದಿ, ಗುಜರಾತಿ ಕಲಿತದ್ದನ್ನು ಹೇಳುವವರು ಕಡಿಮೆ. ಅವರು ವ್ಯಾಕರಣದಿಂದ ಶುರುಮಾಡಲಿಲ್ಲ. ‘ಯಾ, ಬಸಾ’ ಎಂದು ಗಿರಾಕಿಯನ್ನು ಕರೆದು ಕೂರಿಸುವುದರಿಂದ ಶುರುಮಾಡಿದರು. ಹೆಸರೇನು, ಯಾವೂರು ಎಂದು ಕೇಳಿದರೆ ಹೇಳುವಷ್ಟು ಮಾತು ಮೊದಲು ಬಂತು, ಉಳಿದದ್ದು ಆಮೇಲೆ. ಅವರಿಗೆ ಇಂಗ್ಲಿಷ್ ಇರಲಿಲ್ಲ, ಬೇರೆ ಗತಿಯಿರಲಿಲ್ಲ, ನನಗಿದೆ ಎನ್ನಬಹುದು ನೀನು. ಸರಿ, ಇಂಗ್ಲಿಷ್ ಇದ್ದವರನ್ನೇ ನೋಡು. ಬ್ಯಾಂಕು, ರೈಲ್ವೆ, ಕೇಂದ್ರ ಸರ್ಕಾರದ ಕಚೇರಿ ಎಂದು ವರ್ಗವಾಗಿ ಊರೂರು ತಿರುಗಿದ ನಮ್ಮವರಲ್ಲಿ ಎರಡು ಪಂಗಡವಿತ್ತು. ನೆರೆಮನೆಯವರಿಗೆ ಅವರದೇ ಭಾಷೆಯಲ್ಲಿ ನಮಸ್ಕಾರ ಹೇಳುವುದನ್ನು ಕಲಿತವರ ಮನೆಗೆ ಹಬ್ಬದ ದಿನ ನಾಲ್ಕು ಜನ ಬರುತ್ತಿದ್ದರು, ಮಕ್ಕಳಿಗೆ ಜ್ವರ ಬಂದರೆ ಕಷಾಯ ಬರುತ್ತಿತ್ತು. ಕಲಿಯದವರು ಮುಂದಿನ ವರ್ಗಾವಣೆಯ ಆದೇಶಕ್ಕೆ ಕಾಯುತ್ತಾ ಕ್ವಾರ್ಟರ್ಸಿನ ಒಳಗೇ ವರ್ಷಗಳನ್ನು ತಳ್ಳಿದರು. ಸಂಬಳ ಇಬ್ಬರಿಗೂ ಅಷ್ಟೇ ಬಂತು.

ಆಫೀಸಿನಲ್ಲಿ ಇಂಗ್ಲಿಷ್ ಸಾಕು ಎಂಬುದು ನಿಜ. ರಾಜಧಾನಿ ಸ್ಕೋಪ್ಯೆಯ ಯುವಜನ ಅದನ್ನು ಚೆನ್ನಾಗಿ ಆಡುತ್ತಾರೆ. ಆದರೆ ನಿನ್ನ ದಿನವೆಲ್ಲ ಆಫೀಸಿನಲ್ಲೇ ಕಳೆಯುವುದಿಲ್ಲ. ಬಾಡಿಗೆ ಮನೆಯ ಅಜ್ಜಿ, ತರಕಾರಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ರಾಶಿ ಹಾಕಿಕೊಂಡು ಕೂತವರು, ಬಸ್ಸಿನ ಚಾಲಕ, ಇವರೆಲ್ಲ ಇದ್ದಾರೆ. 1991ರವರೆಗೆ ಆ ನಾಡು ಯುಗೊಸ್ಲಾವಿಯಾದ ಭಾಗವಾಗಿತ್ತು. ಅಲ್ಲಿನ ಹಿರಿಯರು ಶಾಲೆಯಲ್ಲಿ ಎರಡನೆಯ ಭಾಷೆಯಾಗಿ ಓದಿದ್ದು ಸೆರ್ಬೊ-ಕ್ರೊಯೇಷಿಯನ್. ಅವರೊಡನೆ ಇಂಗ್ಲಿಷಿನಲ್ಲಿ ಶುರುಮಾಡಿದರೆ ಅವರನ್ನು ಅವರ ಮನೆಯಲ್ಲೇ ಮೂಕರನ್ನಾಗಿ ಮಾಡಿದಂತೆ. ಫೋನಿನ ಅನುವಾದ ಇದೆಯಲ್ಲ ಎನ್ನುತ್ತೀಯ. ಔಷಧಿ ಅಂಗಡಿಯಲ್ಲಿ, ಪೊಲೀಸ್ ಠಾಣೆಯಲ್ಲಿ ಧಾರಾಳವಾಗಿ ಬಳಸು, ಬೇಡ ಎನ್ನುವುದಿಲ್ಲ. ಆದರೆ ಮೆಟ್ಟಿಲಲ್ಲಿ ಎದುರಾದ ಅಜ್ಜಿಯ ಮುಂದೆ ಫೋನು ತೆಗೆದು, ಬೆರಳಾಡಿಸಿ, ಅದರ ಬಾಯಿಂದ ವಂದನೆ ಹೇಳಿಸುವಷ್ಟರಲ್ಲಿ ಆಕೆ ಮೇಲಿನ ಮಹಡಿ ತಲಪಿರುತ್ತಾಳೆ. ಅದಕ್ಕಿಂತ ದೊಡ್ಡ ತೊಡಕು ಬೇರೆಯಿದೆ. ನಿನ್ನೆದುರು ಯಾರು ನಿಂತಿದ್ದಾರೆ ಎಂಬುದು ಆ ಯಂತ್ರಕ್ಕೆ ಕಾಣುವುದಿಲ್ಲ. ಮ್ಯಾಸಿಡೋನಿಯನ್ನಿನಲ್ಲಿ ಹೇಗಿದ್ದೀಯ ಎನ್ನಲು ‘ಕಕೊ ಸಿ’, ಹೇಗಿದ್ದೀರಿ ಎನ್ನಲು ‘ಕಕೊ ಸ್ತೆ’. ನಿನ್ನ ಹೆಸರೇನು ಎಂಬುದು ‘ಕಕೊ ಸೆ ವಿಕಶ್’, ನಿಮ್ಮ ಹೆಸರೇನು ಎಂಬುದು ‘ಕಕೊ ಸೆ ವಿಕತೆ’. ಇಂಗ್ಲಿಷಿನಲ್ಲಿ ಯೋಚಿಸುವವರಿಗೆ ಈ ಭೇದ ಹೊರೆ. ನೀನು, ನೀವು ಎರಡನ್ನೂ ಹಾಲುಗಲ್ಲದಲ್ಲೇ ಕಲಿತ ನಿನಗೆ ಅದರಲ್ಲಿ ಕಷ್ಟವೇನೂ ಇಲ್ಲ. ಹಿರಿಯರಿಗೆ, ಅಪರಿಚಿತರಿಗೆ, ಕಚೇರಿಯ ಕಿಟಕಿಯಾಚೆ ಕೂತವರಿಗೆ ‘ಸ್ತೆ’. ಗೆಳತಿಯರಿಗೆ, ಮಕ್ಕಳಿಗೆ ‘ಸಿ’. ಅವರಾಗಿಯೇ ಸಲಿಗೆಗೆ ಕರೆದರೆ ಆಮೇಲೆ ಬದಲಾಯಿಸಿಕೋ.

ಹೊತ್ತಿನ ವಂದನೆಗಳೂ ಸುಲಭ. ಬೆಳಿಗ್ಗೆ ‘ದೊಬ್ರೊ ಉತ್ರೊ’, ಹಗಲಿಗೆ ‘ದೊಬರ್ ದೆನ್’, ಸಂಜೆಗೆ ‘ದೊಬ್ರ ವೆಚೆರ್’. ಸಲಿಗೆಯವರಿಗೆ ಯಾವ ಹೊತ್ತಿಗಾದರೂ ‘ಜ಼್ದ್ರವೊ’, ಜ಼ೀರೊ ಎನ್ನುವಾಗ ಬರುವ ಸದ್ದಿನಿಂದ ಅದು ಶುರುವಾಗುತ್ತದೆ. ಬೀಳ್ಕೊಡುವಾಗ ‘ದೊವಿದುವನ್ಯೆ’ ಅಥವಾ ‘ಪ್ರಿಯತ್ನೊ’. ಇವನ್ನು ರೋಮನ್ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಬೇಡ ಎಂದು ಒತ್ತಿ ಹೇಳುತ್ತೇನೆ. ರೋಮನ್ ‘ಡಿ’ ಕಂಡೊಡನೆ ನಮ್ಮ ನಾಲಿಗೆ ಅಂಗುಳದ ಕಡೆಗೆ ಮಡಿಚಿಕೊಂಡು ‘ಡೊಬರ್ ಡೆನ್’ ಎನ್ನುತ್ತದೆ. ಮ್ಯಾಸಿಡೋನಿಯನ್ನರ ದಕಾರ, ತಕಾರಗಳು ನಮ್ಮ ದಂತ್ಯ ದ, ತಗಳಂತೆ, ನಾಲಿಗೆಯ ತುದಿ ಹಲ್ಲಿಗೇ ತಾಗಬೇಕು. ಅವರ ಸ್ವರಗಳು ಐದೇ: ಅ, ಎ, ಇ, ಒ, ಉ. ನಮ್ಮ ಹಾಗೆ ಹ್ರಸ್ವ, ದೀರ್ಘದ ಲೆಕ್ಕವಿಲ್ಲ. ಮೊಟಕು ಎ, ಮೊಟಕು ಒ ಎರಡೂ ನಮ್ಮ ಲಿಪಿಯಲ್ಲಿವೆ; ಹಿಂದಿಯವರಿಗೆ ಆ ಅನುಕೂಲವೂ ಇಲ್ಲ. ಹಾಗಾಗಿ ಕನ್ನಡದಲ್ಲೇ ಬರೆದುಕೋ. ಎಲ್ಲಿ ಒತ್ತಬೇಕು ಎಂಬುದಕ್ಕೂ ಒಂದೇ ನಿಯಮ: ಕೊನೆಯಿಂದ ಮೂರನೆಯ ಸ್ವರದ ಮೇಲೆ ಒತ್ತು, ಎರಡೇ ಇದ್ದರೆ ಮೊದಲನೆಯದರ ಮೇಲೆ. ಧನ್ಯವಾದ ಹೇಳುವ ‘ಬ್ಲಗೊದರಮ್’ನಲ್ಲಿ ಒತ್ತು ಬೀಳುವುದು ‘ಗೊ’ ಮೇಲೆ, ‘ದೊವಿದುವನ್ಯೆ’ಯಲ್ಲಿ ‘ದು’ ಮೇಲೆ. ಹೆಸರು ಹಿಡಿದು ಕರೆಯುವಾಗ ಅವರಲ್ಲೂ ಸಂಬೋಧನೆಯ ರೂಪ ಬೇರೆ. ಗಂಡಸರನ್ನು ಗೌರವದಿಂದ ಕರೆಯಲು ‘ಗೊಸ್ಪೊದಿನೆ’, ಹೆಂಗಸರಿಗೆ ‘ಗೊಸ್ಪೊಗ್ಯೊ’. ವಿಭಕ್ತಿಗಳ ಪೈಕಿ ಸಂಬೋಧನೆಯನ್ನೂ ಶಾಲೆಯಲ್ಲಿ ಉರುಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪರಿಚಯಕ್ಕೆ ‘ಯಸ್ ಸೆ ವಿಕಮ್’ ಎಂದು ಹೆಸರು ಹೇಳು. ‘ಯಸ್’ ಎಂದರೆ ನಾನು. ಕ್ರಿಯಾಪದದ ಕೊನೆಯಲ್ಲೇ ‘ನಾನು’ ಇರುವುದರಿಂದ ನಮ್ಮಂತೆ ಅವರೂ ಅದನ್ನು ಬಿಡುತ್ತಾರೆ, ‘ಸೆ ವಿಕಮ್’ ಎಂದರೆ ಸಾಕು. ಎಲ್ಲಿಯವಳು ಎನ್ನಲು ‘ಸುಮ್ ಒದ್ ಇಂದಿಯ’. ಕೈಕುಲುಕುತ್ತಾ ‘ಮಿಲೊ ಮಿ ಎ’ ಎಂದರೆ ಭೇಟಿಯಾದದ್ದು ಸಂತೋಷ ಎಂದಂತೆ. ನಮ್ಮ ಇನಿಶಿಯಲ್ಲುಗಳ ಪದ್ಧತಿ ಮಾತ್ರ ಅಲ್ಲಿ ಯಾರಿಗೂ ಅರ್ಥವಾಗದು. ಅವರಲ್ಲಿ ಅಡ್ಡಹೆಸರು ಮನೆತನವನ್ನೂ ಗಂಡು ಹೆಣ್ಣನ್ನೂ ಒಟ್ಟಿಗೆ ತಿಳಿಸುತ್ತದೆ. ಅಣ್ಣ ಪೆತ್ರೊವ್‌ಸ್ಕಿ ಆದರೆ ತಂಗಿ ಪೆತ್ರೊವ್‌ಸ್ಕ. ಅಪ್ಪನ ಹೆಸರಿನ ಮೊದಲಕ್ಷರ, ಊರಿನ ಮೊದಲಕ್ಷರ ಎಂದೆಲ್ಲ ಶುರುಮಾಡದೆ ನಿನ್ನ ಹೆಸರನ್ನು ಬಿಡಿಸಿ ನಿಧಾನವಾಗಿ ಹೇಳು, ಅವರು ಹೇಳಿದ್ದನ್ನು ಒಮ್ಮೆ ಬಾಯಲ್ಲಿ ಆಡಿಸಿ ಸರಿಯೇ ಎಂದು ಕೇಳು. ಇಂಡಿಯಾ ಎಂದೊಡನೆ ಮದರ್ ತೆರೇಸಾ ಮಾತು ಬಂದರೆ ಆಶ್ಚರ್ಯಪಡಬೇಡ. ಆಕೆ ಹುಟ್ಟಿದ್ದು ಅದೇ ಸ್ಕೋಪ್ಯೆಯಲ್ಲಿ, 1910ರಲ್ಲಿ, ಒಂದು ಅಲ್ಬೇನಿಯನ್ ಕುಟುಂಬದಲ್ಲಿ.

ಅಲ್ಬೇನಿಯನ್ ಎಂದಾಗ ಒಂದು ಆಕ್ಷೇಪ ಏಳುತ್ತದೆ. ದೇಶದ ಜನರಲ್ಲಿ ಸುಮಾರು ಕಾಲುಭಾಗ ಅಲ್ಬೇನಿಯನ್ನರು. ತೆತೊವೊ, ಗೊಸ್ತಿವಾರ್ ಊರುಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಅವರದೇ ಭಾಷೆ. ಅಲ್ಲಿ ಮ್ಯಾಸಿಡೋನಿಯನ್ನಿನಲ್ಲಿ ವಂದಿಸಿದರೆ ಯಾರದೋ ಪಕ್ಷ ಹಿಡಿದಂತಾಗದೇ? ಆಗದಿರಲಿ ಎಂದರೆ ‘ಮಿರ್‌ದಿತಾ’ ಎನ್ನುವುದನ್ನೂ ಕಲಿತಿರು, ಅಲ್ಬೇನಿಯನ್ನಿನಲ್ಲಿ ಹಗಲಿನ ವಂದನೆ ಅದು. ಒಂದು ಭಾಷೆಯ ಜಾಗದಲ್ಲಿ ಎರಡರ ವಂದನೆ ಕಲಿಯಬೇಕಾಯಿತು, ಅಷ್ಟೆ. ಎರಡನ್ನೂ ತಪ್ಪಿಸಿಕೊಂಡು ಇಂಗ್ಲಿಷಿನಲ್ಲಿ ನಿಂತರೆ ಯಾರ ಮನಸ್ಸೂ ನೋಯುವುದಿಲ್ಲ ಎಂಬ ವಾದವನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಯಾರ ಮನಸ್ಸನ್ನೂ ಗೆಲ್ಲುವುದಿಲ್ಲ.

ಇನ್ನು ‘ಸುಮಾರು ಹದಿನೆಂಟು ಲಕ್ಷ ಜನರ ಪುಟ್ಟ ದೇಶದ ಭಾಷೆ, ಮುಂದೆ ಎಲ್ಲಿ ಉಪಯೋಗಕ್ಕೆ ಬರುತ್ತದೆ’ ಎಂಬ ನಿನ್ನ ಮಾತು. ಇದನ್ನು ಕೇಳಿ ನನಗೆ ನಿಜಕ್ಕೂ ಸಿಟ್ಟು ಬಂತು. ಬೆಂಗಳೂರಿನಲ್ಲಿ ಹತ್ತು ವರ್ಷ ಇದ್ದೂ ‘ಕನ್ನಡ ಗೊತ್ತಿಲ್ಲ’ ಎಂದು ತಲೆಯೆತ್ತಿ ಹೇಳುವವರ ಮೇಲೆ ರೇಗುವವಳು ನೀನು. ಅವರೂ ಇದನ್ನೇ ಹೇಳುವುದು: ಇಂಗ್ಲಿಷಿನಲ್ಲಿ ಕೆಲಸ ನಡೆಯುತ್ತದೆ, ನಾಳೆ ಬೇರೆ ಊರಿಗೆ ಹೋಗುತ್ತೇವೆ, ನಿಮ್ಮ ಭಾಷೆ ಕಲಿತು ಏನು ಲಾಭ. ನಮ್ಮೂರಿನಲ್ಲಿ ಅಹಂಕಾರ ಎನಿಸಿದ್ದು ಅವರೂರಿನಲ್ಲಿ ಜಾಣತನ ಹೇಗಾಗುತ್ತದೆ? ಮ್ಯಾಸಿಡೋನಿಯನ್ನರಿಗೆ ಭಾಷೆ ಸುಮ್ಮನೆ ಕೈಗೆ ಬಂದ ಸೊತ್ತಲ್ಲ. 1903ರಲ್ಲಿ ಕ್ರಸ್ತೆ ಮಿಸಿರ್ಕೊವ್ ತಮ್ಮ ಜನಕ್ಕೆ ತಮ್ಮದೇ ಸಾಹಿತ್ಯ ಭಾಷೆ ಬೇಕೆಂದು ವಾದಿಸಿ ಪುಸ್ತಕ ಬರೆದರು. ಆ ಭಾಷೆ ರಾಜ್ಯದ ಆಡಳಿತ ಭಾಷೆಯೆಂದು ಘೋಷಣೆಯಾದದ್ದು 1944ರ ಆಗಸ್ಟ್ 2ರಂದು. ಮರುವರ್ಷ 31 ಅಕ್ಷರಗಳ ಸಿರಿಲಿಕ್ ವರ್ಣಮಾಲೆಯೂ ಬರವಣಿಗೆಯ ನಿಯಮಗಳೂ ನಿಗದಿಯಾದವು. ಕವಿಯೂ ಭಾಷಾವಿದ್ವಾಂಸರೂ ಆದ ಬ್ಲಾಜೆ ಕೊನೆಸ್ಕಿ ಆ ಕೆಲಸದಲ್ಲಿ ಮುಂದಿದ್ದವರು. ಇಷ್ಟೆಲ್ಲ ಆದಮೇಲೂ ಇದು ಪ್ರತ್ಯೇಕ ಭಾಷೆಯೇ ಅಲ್ಲ, ತಮ್ಮದರ ಉಪಭಾಷೆ ಎಂಬುದು ನೆರೆಯ ಬಲ್ಗೇರಿಯದ ನಿಲುವು. 2020ರಲ್ಲಿ ಉತ್ತರ ಮ್ಯಾಸಿಡೋನಿಯ ಯುರೋಪ್ ಒಕ್ಕೂಟಕ್ಕೆ ಸೇರುವ ಮಾತುಕತೆಗೆ ಬಲ್ಗೇರಿಯ ಅಡ್ಡ ನಿಂತದ್ದಕ್ಕೆ ಭಾಷೆಯ ಪ್ರಶ್ನೆಯೂ ಒಂದು ಕಾರಣ. ಗ್ರೀಸಿನೊಡನೆ 2018ರಲ್ಲಿ ಆದ ಪ್ರೆಸ್ಪಾ ಒಪ್ಪಂದದಂತೆ ದೇಶದ ಹೆಸರಿಗೆ ‘ಉತ್ತರ’ ಸೇರಿತು, ಭಾಷೆಯ ಹೆಸರು ಮ್ಯಾಸಿಡೋನಿಯನ್ ಎಂದೇ ಉಳಿಯಿತು. ಕನ್ನಡ ಇನ್ನೊಂದು ಭಾಷೆಯಿಂದ ಹುಟ್ಟಿದ್ದು ಎಂದು ಯಾರಾದರೂ ಅಂದರೆ ನಮ್ಮ ರಕ್ತ ಕುದಿಯುತ್ತದಲ್ಲ, ಅವರದೂ ಅದೇ ನೋವು. ಅಂಥ ಜನರ ಊಟದ ಮೇಜಿನಲ್ಲಿ ಕೂತು ‘ಇದು ಬಲ್ಗೇರಿಯನ್ ಥರವೇ ಅಲ್ಲವೇ’ ಎಂದು ಮಾತ್ರ ಬಾಯಿ ಬಿಡಬೇಡ. ಉಪಯೋಗದ ಲೆಕ್ಕವೇ ಬೇಕೆಂದರೆ, ‘ದೊಬರ್ ದೆನ್’ ಸೋಫಿಯಾದಲ್ಲೂ ನಡೆಯುತ್ತದೆ, ‘ಜ಼್ದ್ರವೊ’ ಬೆಲ್‌ಗ್ರೇಡಿನಲ್ಲೂ ನಡೆಯುತ್ತದೆ.

ಜೋರು ಮಾಡಿದೆ ಎಂದು ಬೇಸರಪಡಬೇಡಮ್ಮ. ನಿನ್ನ ಅಳುಕು ನನಗೆ ತಿಳಿಯದ್ದೇನಲ್ಲ: ಎರಡು ಮಾತು ಅವರ ಭಾಷೆಯಲ್ಲಿ ಆಡಿದರೆ ಅವರು ಹತ್ತು ಮಾತು ಸುರಿಸುತ್ತಾರೆ, ಆಗ ಕಣ್ಣುಕಣ್ಣು ಬಿಡಬೇಕಾಗುತ್ತದೆ. ಇಲ್ಲವೇ ಅವರೇ ಇಂಗ್ಲಿಷಿಗೆ ತಿರುಗಿಬಿಡುತ್ತಾರೆ, ಕಲಿತದ್ದು ದಂಡವಾಯಿತು ಎನಿಸುತ್ತದೆ. ಎರಡೂ ಆಗುತ್ತದೆ, ಆಗಲಿ. ಸುರಿಸಿದರೆ ‘ಇಜ಼್‌ವಿನೆತೆ’ ಎಂದು ಕ್ಷಮೆ ಕೇಳಿ ನಗು. ಇಂಗ್ಲಿಷಿಗೆ ತಿರುಗಿದರೆ ನೀನೂ ತಿರುಗು, ಅಷ್ಟರಲ್ಲಿ ನಿನ್ನ ವಂದನೆ ತನ್ನ ಕೆಲಸ ಮುಗಿಸಿರುತ್ತದೆ. ತಪ್ಪು ಒತ್ತಿನ ‘ಬ್ಲಗೊದರಮ್’ ಕೇಳಿ ಸಿಡುಕುವವರಿಗಿಂತ, ಮೆಚ್ಚಿ ತಿದ್ದುವವರೇ ಎಲ್ಲ ಊರುಗಳಲ್ಲೂ ಹೆಚ್ಚು.

ವಿಮಾನ ಹತ್ತುವ ಮೊದಲು ಆ ಸಿರಿಲಿಕ್ ಲಿಪಿಯನ್ನೂ ಒಂದು ವಾರ ತಿದ್ದು. ಅಕ್ಷರಕ್ಕೊಂದೇ ಸದ್ದು, ಇಂಗ್ಲಿಷಿನ ಕಾಗುಣಿತದ ಗೋಜಿಲ್ಲ. ರೋಮನ್ ‘ಪಿ’ಯಂತೆ ಕಾಣುವುದು ರ, ‘ಎಚ್’ನಂತೆ ಕಾಣುವುದು ನ, ‘ಸಿ’ಯಂತೆ ಕಾಣುವುದು ಸ, ‘ಬಿ’ಯಂತೆ ಕಾಣುವುದು ವ. ಈ ನಾಲ್ಕರಲ್ಲಿ ಮೋಸ ಹೋಗದಿದ್ದರೆ ಅರ್ಧ ಗೆದ್ದಂತೆ. ‘ಸೆ ವಿಕಮ್’ ಎಂದು ಬರೆದು, ಮುಂದೆ ನಿನ್ನ ಹೆಸರನ್ನು ಸಿರಿಲಿಕ್ ಅಕ್ಷರಗಳಲ್ಲಿ ನಿನ್ನ ಕೈಯಾರೆ ಬರೆದು, ಹೊರಡುವುದರೊಳಗೆ ನನಗೆ ಕಳಿಸು.