ನಾಗಪುರದ ಅಂಗಳಕ್ಕೆ ಆಕ್ವಿಲೀಜಿಯಾ ಬೇಡ, ಲಾರ್ಕ್‌ಸ್ಪರ್ ಇರಲಿ

ಕೋಲಂಬೈನ್ ಎಂದೂ ಕರೆಯುವ ಆಕ್ವಿಲೀಜಿಯಾ ಹೂವಿನ ಚಿತ್ರ ನೋಡಿ ಮರುಳಾಗದವರು ಕಡಿಮೆ. ಐದು ಎಸಳು, ಪ್ರತಿ ಎಸಳಿನ ಹಿಂದೆ ಉದ್ದಕ್ಕೆ ಚಾಚಿದ ಕೊಂಬು, ಆ ಕೊಂಬಿನ ತುದಿಯಲ್ಲಿ ಮಕರಂದ. ಬೀಜದ ಪೊಟ್ಟಣ ತರಿಸಿ ಕುಂಡದಲ್ಲಿ ಬಿತ್ತುವವರು ನಾಗಪುರದಲ್ಲೂ ಇದ್ದಾರೆ. ಎಲೆ ಬರುತ್ತದೆ, ಹೂ ಬರುವುದಿಲ್ಲ. ಮೇ ಹೊತ್ತಿಗೆ ಎಲೆಯೂ ಇರುವುದಿಲ್ಲ.

ತಪ್ಪು ಬೀಜದ್ದಲ್ಲ. ಇದು ತಂಪು ಸೀಮೆಯ ಬಹುವಾರ್ಷಿಕ ಗಿಡ. ನಮ್ಮ ದೇಶದಲ್ಲಿ ಇದರ ಕಾಡು ತಳಿಗಳಿರುವುದು ಕಾಶ್ಮೀರ, ಹಿಮಾಚಲದ ಎತ್ತರದಲ್ಲಿ. ಅಲ್ಲಿನ ಆಕ್ವಿಲೀಜಿಯಾ ಫ್ರೇಗ್ರನ್ಸ್ ತಿಳಿ ಬಣ್ಣದ, ಪರಿಮಳದ ಹೂ ಬಿಡುತ್ತದೆ. ಮೊಗ್ಗು ಮೂಡಬೇಕಾದರೆ ಬೆಳೆದ ಗಿಡ ಹಲವು ವಾರ 5 ಡಿಗ್ರಿ ಆಸುಪಾಸಿನ ಚಳಿ ಉಣ್ಣಬೇಕು. ನಾಗಪುರದ ಜನವರಿಯಲ್ಲಿ ರಾತ್ರಿ ಸಾಮಾನ್ಯವಾಗಿ 12–13 ಡಿಗ್ರಿ, ಹಗಲು 28ರ ಹತ್ತಿರ. ಮೇ ತಿಂಗಳಲ್ಲಿ 45 ದಾಟುವುದೂ ಉಂಟು. ಕೂಲರ್ ಮುಂದೆ ಕುಂಡ ಇಟ್ಟು ಕಾಪಾಡುವ ಸಾಹಸ ಬೇಡ. ಕೂಲರ್ ಮನೆಮಂದಿಗೆ ಸಾಕಾದರೆ ಅದೇ ಹೆಚ್ಚು. ಬೆಟ್ಟದ ಊರಿನಿಂದ ಮೊಗ್ಗಿರುವ ಗಿಡ ಯಾರಾದರೂ ಚಳಿಗಾಲದಲ್ಲಿ ತಂದುಕೊಟ್ಟರೆ ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ ಇಟ್ಟು, ಹೂ ಇರುವಷ್ಟು ದಿನ ನೋಡಿ ಸಂತೋಷಪಡಿ. ಮುಂದಿನ ವರ್ಷದ ಆಸೆ ಇಟ್ಟುಕೊಳ್ಳಬೇಡಿ.

ಇದೇ ರನನ್‌ಕ್ಯುಲೇಸಿ ಕುಟುಂಬದ ಲಾರ್ಕ್‌ಸ್ಪರ್ ಒಂದೇ ಚಳಿಗಾಲದಲ್ಲಿ ಹುಟ್ಟಿ, ಹೂ ಬಿಟ್ಟು, ಬೀಜ ಕಟ್ಟಿ ಮುಗಿಸುತ್ತದೆ. ನೀಲಿ, ನೇರಳೆ, ಗುಲಾಬಿ, ಬಿಳಿ ಹೂಗಳ ಉದ್ದನೆಯ ತೆನೆ. ಪ್ರತಿ ಹೂವಿಗೂ ಹಿಂದೆ ಒಂದು ಕೊಂಬು. ನಾಗಪುರಕ್ಕೆ ಹೇಳಿ ಮಾಡಿಸಿದ ಹೂ ಇದು. ‘ಜೈಂಟ್ ಇಂಪೀರಿಯಲ್’ ತಳಿ ಮೂರು ನಾಲ್ಕು ಅಡಿ ಬೆಳೆಯುತ್ತದೆ. ಕುಂಡಕ್ಕಾದರೆ ಗಿಡ್ಡ ತಳಿ ಕೇಳಿ ತೆಗೆದುಕೊಳ್ಳಿ.

ಮಣ್ಣು ಮೊದಲು

ಬೀದರ್, ಕಲಬುರಗಿ ಕಡೆಯಿಂದ ಬಂದು ಇಲ್ಲಿ ನೆಲೆಸಿದವರಿಗೆ ಎರೆಮಣ್ಣಿನ ಗುಣ ಹೊಸದಲ್ಲ. ಮಳೆಗೆ ಉಬ್ಬಿ ಅಂಟಾಗುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಲಾರ್ಕ್‌ಸ್ಪರ್ ಬೇರು ನಿಂತ ನೀರಲ್ಲಿ ಕೊಳೆಯುತ್ತದೆ. ಎರೆಮಣ್ಣಿಗೆ ಎರಡು ಬುಟ್ಟಿ ಮರಳು ಸುರಿದರೆ ಮಣ್ಣು ಸಡಿಲವಾಗುತ್ತದೆ ಎನ್ನುವುದು ಹಲವರ ನಂಬಿಕೆ. ಅಷ್ಟರಿಂದ ಏನೂ ಆಗದು, ಕೆಲವೊಮ್ಮೆ ಇನ್ನಷ್ಟು ಗಟ್ಟಿಯಾಗುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಬೆರೆಸಿ, ನೆಲಕ್ಕಿಂತ ಅರ್ಧ ಅಡಿ ಎತ್ತರದ ಏರುಮಡಿ ಮಾಡಿ. ಕುಂಡಕ್ಕೆ ತೋಟದ ಮಣ್ಣು, ಗೊಬ್ಬರ, ದಪ್ಪ ಮರಳು ಸಮಪಾಲು. ಕುಂಡ ಒಂದಡಿಯಾದರೂ ಆಳವಿರಲಿ, ತಳದ ತೂತು ಕಟ್ಟಿಕೊಳ್ಳದಿರಲಿ. ಈ ಗಿಡಕ್ಕೆ ಸುಣ್ಣ ಹಾಕಿ ಎಂದು ತೋಟಗಾರಿಕೆ ಪುಸ್ತಕಗಳು ಹೇಳುತ್ತವೆ. ಅದು ಹುಳಿ ಮಣ್ಣಿನವರಿಗೆ ಹೇಳಿದ ಮಾತು. ನಮ್ಮ ಎರೆಮಣ್ಣಿನಲ್ಲಿ ಸುಣ್ಣದ ಅಂಶ ಮೊದಲೇ ಇರುತ್ತದೆ.

ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಜಾಗ ಬೇಕು.

ಬಿತ್ತನೆ

ದಸರಾ ಮುಗಿಯಿತೆಂದು ಅವಸರ ಮಾಡಬೇಡಿ. ಕೆಲವು ವರ್ಷ ದಸರಾ ಸೆಪ್ಟೆಂಬರ್ ಕೊನೆಗೇ ಬರುತ್ತದೆ, ಸೆಕೆ ಹಾಗೇ ಇರುತ್ತದೆ. ರಾತ್ರಿಯ ಉಷ್ಣತೆ 20 ಡಿಗ್ರಿಗಿಂತ ಕೆಳಗಿಳಿಯುವುದನ್ನು ಕಾಯಿರಿ. ಇಲ್ಲಿ ಅದು ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗಿನ ಕಾಲ. ಬೆಚ್ಚನೆ ಮಣ್ಣಿನಲ್ಲಿ ಈ ಬೀಜ ಮೊಳೆಯುವುದೇ ಇಲ್ಲ. ಒದ್ದೆ ಮರಳಿನಲ್ಲಿ ಕಲಸಿ, ಡಬ್ಬಿಯಲ್ಲಿ ಹಾಕಿ, ಒಂದೆರಡು ವಾರ ಫ್ರಿಜ್‌ನಲ್ಲಿಟ್ಟು ಬಿತ್ತಿದರೆ ಮೊಳಕೆ ಚೆನ್ನಾಗಿ ಬರುತ್ತದೆ. ಹಳೆಯ ಬೀಜ ಬೇಡ. ಇದರ ಕಸುವು ಬೇಗ ಇಳಿಯುತ್ತದೆ.

ಅರ್ಧ ಸೆಂಟಿಮೀಟರ್ ಆಳಕ್ಕೆ ಬಿತ್ತಿ ಮಣ್ಣು ಮುಚ್ಚಿ. ಮೊಳಕೆಗೆ ಕತ್ತಲೆ ಬೇಕು. (ಆಕ್ವಿಲೀಜಿಯಾ ಬೀಜಕ್ಕೆ ಇದರ ತದ್ವಿರುದ್ಧ, ಬೆಳಕು ಬೇಕು.) ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಎರಡು ಮೂರು ವಾರದಲ್ಲಿ ಮೊಳಕೆ ಕಂಡ ದಿನವೇ ತೆಗೆಯಿರಿ. ತಾಯಿಬೇರು ನೇರ ಕೆಳಗಿಳಿಯುವುದರಿಂದ ಸಸಿ ಕಿತ್ತು ನೆಟ್ಟರೆ ಮುನಿಯುತ್ತದೆ. ಆದ್ದರಿಂದ ಬೆಳೆಯುವ ಜಾಗದಲ್ಲೇ ಬಿತ್ತಿ. ಒಂದು ಗೇಣು ಅಂತರಕ್ಕೊಂದು ಸಸಿ ಉಳಿಸಿ, ಮಿಕ್ಕವನ್ನು ಕೀಳದೆ ಕತ್ತರಿಯಿಂದ ಕತ್ತರಿಸಿ. ಹದಿನೈದು ದಿನ ಬಿಟ್ಟು ಇನ್ನೊಂದು ಸಾಲು ಬಿತ್ತಿದರೆ ಹೂವಿನ ಕಾಲ ಉದ್ದವಾಗುತ್ತದೆ.

ಆರೈಕೆ ಮತ್ತು ಎಚ್ಚರ

ನೀರು ಬೆಳಿಗ್ಗೆ, ಬುಡಕ್ಕೆ. ಎರೆಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದಿರುತ್ತದೆ, ಬೆರಳು ಚುಚ್ಚಿ ನೋಡಿ ಹಾಕಿ. ಯೂರಿಯಾ ಹಾಕಿದರೆ ಎಲೆ ಸೊಕ್ಕುತ್ತದೆ, ಹೂ ಕಡಿಮೆಯಾಗುತ್ತದೆ. ಗಿಡ ಒಂದಡಿ ಆದಾಗಲೇ ಬಿದಿರು ಕಡ್ಡಿ ಊರಿ ಸಡಿಲವಾಗಿ ಕಟ್ಟಿ. ವಿದರ್ಭದಲ್ಲಿ ಫೆಬ್ರವರಿಯ ಅಕಾಲ ಮಳೆ, ಆಲಿಕಲ್ಲು ಅಪರೂಪವಲ್ಲ. ಎಲೆಯ ಮೇಲೆ ಬೂದಿ ರೋಗ ಕಂಡರೆ ಆ ಎಲೆ ತೆಗೆದು, ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿ.

ಇನ್ನೊಂದು ಮಾತು ಎಲ್ಲಕ್ಕಿಂತ ಮುಖ್ಯ. ಲಾರ್ಕ್‌ಸ್ಪರ್ ಗಿಡವಿಡೀ ವಿಷ, ಬೀಜದಲ್ಲಿ ಹೆಚ್ಚು. ಸಣ್ಣ ಕಪ್ಪು ಬೀಜ ನೋಡಲು ಕಲೌಂಜಿಯ ಹಾಗಿರುತ್ತದೆ. ಅಡುಗೆಮನೆಯ ಡಬ್ಬಿಯಲ್ಲಿ ಎಂದೂ ಇಡಬೇಡಿ, ಪೊಟ್ಟಣದ ಮೇಲೆ ‘ವಿಷ’ ಎಂದು ದೊಡ್ಡದಾಗಿ ಬರೆಯಿರಿ. ಫ್ರಿಜ್‌ನಲ್ಲಿಟ್ಟ ಡಬ್ಬಿಗೂ ಇದೇ ಮಾತು. ಕತ್ತರಿಸಿದ ಗಿಡವನ್ನು ಗೇಟಿನ ಹೊರಗೆ ಹಾಕಿದರೆ ಬೀದಿಯ ದನ ತಿನ್ನುತ್ತದೆ. ಅದನ್ನು ಮಣ್ಣಿನಲ್ಲಿ ಹೂಳಿ. ತಿನಿಸಿನ ತಟ್ಟೆಗೆ ಈ ಹೂವಿನ ಅಲಂಕಾರ ಬೇಡ. ಅಂಬೆಗಾಲಿಡುವ ಮಗು ಇರುವ ಮನೆಯಾದರೆ ಒಂದೆರಡು ವರ್ಷ ಈ ಗಿಡದ ಸಹವಾಸವೇ ಬೇಡ.

ಹೂ ಬಂದ ಮೇಲೆ

ಫೆಬ್ರವರಿಯಲ್ಲಿ ತೆನೆ ಅರಳುತ್ತದೆ. ಹೂದಾನಿಗಾದರೆ ಕೆಳಗಿನ ಮೂರನೇ ಒಂದು ಪಾಲು ಅರಳಿದಾಗ ಬೆಳಿಗ್ಗೆ ಕತ್ತರಿಸಿ, ನೀರಿನಲ್ಲಿ ಮುಳುಗುವ ಎಲೆ ತೆಗೆದುಹಾಕಿ, ದಿನವೂ ನೀರು ಬದಲಿಸಿ. ಒಣಗಿಸಿಡಲು ಮುಕ್ಕಾಲು ಪಾಲು ಅರಳುವವರೆಗೆ ಕಾದು, ಸಣ್ಣ ಕಟ್ಟು ಕಟ್ಟಿ ಕತ್ತಲೆ ಕೋಣೆಯಲ್ಲಿ ತಲೆಕೆಳಗಾಗಿ ತೂಗುಹಾಕಿ. ನಾಗಪುರದ ಮಾರ್ಚ್‌ನ ಒಣ ಗಾಳಿ ಈ ಒಂದು ಕೆಲಸಕ್ಕೆ ನಿಜಕ್ಕೂ ವರ. ಕರಾವಳಿಯಲ್ಲಿ ಬೂಸ್ಟು ಹಿಡಿಯುವ ಹೂ ಇಲ್ಲಿ ಎರಡು ವಾರದಲ್ಲಿ ಬಣ್ಣ ಕೆಡದೆ ಒಣಗುತ್ತದೆ.

ಎರಡು ತೆನೆ ಗಿಡದಲ್ಲೇ ಬಿಡಿ. ಕಾಯಿ ಕಂದು ಬಣ್ಣಕ್ಕೆ ತಿರುಗಿ ಒಡೆಯುವ ಮುಂಚೆ ಕಾಗದದ ಚೀಲಕ್ಕೆ ಉದುರಿಸಿಕೊಂಡು, ನೆರಳಲ್ಲಿ ಆರಿಸಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ತಂಪಾದ ಕಡೆ ಇಡಿ. ಹೊಸದಾಗಿ ಕೊಳ್ಳುವವರು ಸೆಪ್ಟೆಂಬರ್‌ನಲ್ಲೇ ಬೀಜ ತರಿಸಿಟ್ಟುಕೊಳ್ಳಿ. ಡಿಸೆಂಬರ್‌ನಲ್ಲಿ ಬಿತ್ತಿದ ಗಿಡ ಮೊಗ್ಗು ಬಿಡುವ ಹೊತ್ತಿಗೆ ನಾಗಪುರದಲ್ಲಿ ಬೇಸಿಗೆ ಶುರುವಾಗಿರುತ್ತದೆ.