ಯಂತ್ರವು ಓದುವ ಅರ್ಜಿ

ಸಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ತರುಣಿಯೊಬ್ಬಳು ಐ.ಟಿ.ಐ.ಯಲ್ಲಿ ಎರಡು ವರ್ಷ ಫಿಟ್ಟರ್ ಶಿಕ್ಷಣ ಪಡೆದು, ವಸಂತನರಸಾಪುರದ ಕಾರ್ಖಾನೆಯೊಂದಕ್ಕೆ ಅರ್ಜಿ ಕಳುಹಿಸಿದಳೆಂದು ಭಾವಿಸೋಣ. ಅದನ್ನು ಮೊದಲು ಓದುವವರು ಯಾರು? ಮನುಷ್ಯರೇ ಎಂದು ಹೇಳುವಂತಿಲ್ಲ. ರಾಶಿ ರಾಶಿ ಅರ್ಜಿಗಳು ಬರುವೆಡೆ ಗಣಕಯಂತ್ರವೇ ಅವನ್ನು ಸೋಸಿ, ಮೇಲಿನ ಕೆಲವನ್ನು ಮಾತ್ರ ಅಧಿಕಾರಿಯ ಮುಂದಿಡುವ ಪದ್ಧತಿ ಈಗ ಅನೇಕ ದೊಡ್ಡ ಸಂಸ್ಥೆಗಳಲ್ಲಿದೆ. ಕೆಲಸ ಬಲ್ಲವಳ ಅರ್ಜಿಯೂ ಯಾರ ಕಣ್ಣಿಗೂ ಬೀಳದೆ ಹೋಗುವುದು ಹೇಗೆಂಬುದನ್ನು ನಾವಿಲ್ಲಿ ವಿಚಾರಿಸೋಣ.

ಯಂತ್ರಕ್ಕೆ ಅಕ್ಷರದ ಆಕಾರ ತಿಳಿಯದು. ಅದು ಬಲ್ಲುದು ಸಂಖ್ಯೆಯನ್ನು ಮಾತ್ರ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಸಂಕೇತಕ್ರಮದಲ್ಲಿ ಕನ್ನಡದ ‘ಕ’ಕಾರಕ್ಕೆ 3221 ಎಂಬ ಸಂಖ್ಯೆ ಗೊತ್ತಾಗಿದೆ. ಆದರೆ ನಮ್ಮ ಊರುಗಳ ಡಿ.ಟಿ.ಪಿ. ಅಂಗಡಿಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಹಳೆಯ ನುಡಿ ಅಕ್ಷರಶೈಲಿಯಲ್ಲಿ ಅದೇ ‘ಕ’ವು 80 ಮತ್ತು 192 ಎಂಬ ಎರಡು ಸಂಖ್ಯೆಗಳಾಗಿ ದಾಖಲಾಗುತ್ತದೆ. ಇವುಗಳಲ್ಲಿ ಮೊದಲನೆಯದು ಇಂಗ್ಲಿಷಿನ ‘ಪಿ’ ಅಕ್ಷರದ್ದು, ಎರಡನೆಯದು ತಲೆಯ ಮೇಲೆ ಗೀಟು ಹೊತ್ತ ‘ಎ’ ಅಕ್ಷರದ್ದು! ಕಾಗದದ ಮೇಲೆ ಅಚ್ಚಾದಾಗ ಎರಡೂ ಒಂದೇ ಬಗೆಯ ‘ಕ’. ಯಂತ್ರಕ್ಕಾದರೋ ಒಂದು ಕನ್ನಡ, ಇನ್ನೊಂದು ಅರ್ಥವಿಲ್ಲದ ಅಕ್ಷರಗಳ ಗೋಜಲು. ಕನ್ನಡದಲ್ಲಿ ಅರ್ಜಿ ಬರೆಯುವವರು ಯೂನಿಕೋಡಿನಲ್ಲಿಯೇ ಬರೆಯಬೇಕೆಂಬುದಕ್ಕೆ ಕಾರಣ ಇದು.

ಪುಟವಿನ್ಯಾಸವೂ ತೊಡಕು ತರುವುದುಂಟು. ಎಡಗಡೆ ವಿದ್ಯಾಭ್ಯಾಸ, ಬಲಗಡೆ ಅನುಭವ ಎಂದು ಎರಡು ಅಂಕಣ ಮಾಡಿದರೆ ನೋಡಲು ಅಂದವೇ ಸರಿ. ಆದರೆ ಕೆಲವು ಯಂತ್ರಗಳು ಅಂಕಣದ ಗೆರೆಯನ್ನು ಲೆಕ್ಕಿಸದೆ ಅಡ್ಡಲಾಗಿ ಓದಿಕೊಂಡು ಹೋಗಿ, ತೇರ್ಗಡೆಯಾದ ವರ್ಷವನ್ನು ಕಾರ್ಖಾನೆಯ ಹೆಸರಿಗೆ ಅಂಟಿಸುತ್ತವೆ. ಅರ್ಜಿಯನ್ನು ಫೋಟೋ ತೆಗೆದು ಕಳುಹಿಸುವುದು ಇನ್ನೂ ಅಪಾಯ. ಚಿತ್ರದಲ್ಲಿರುವುದು ಬಣ್ಣದ ಚುಕ್ಕೆಗಳೇ ಹೊರತು ಅಕ್ಷರಗಳಲ್ಲ.

ಇನ್ನು ಪದಗಳ ತೂಕ. ಕೇರನ್ ಸ್ಪಾರ್ಕ್ ಜೋನ್ಸ್ ಎಂಬ ಬ್ರಿಟಿಷ್ ವಿದುಷಿ 1972ರಲ್ಲಿ ಒಂದು ಸರಳ ತತ್ತ್ವವನ್ನು ಮುಂದಿಟ್ಟರು: ಎಲ್ಲ ಬರಹಗಳಲ್ಲಿಯೂ ಬರುವ ಪದಕ್ಕೆ ಬೆಲೆ ಕಡಿಮೆ, ಕೆಲವರಲ್ಲಿ ಮಾತ್ರ ಬರುವ ಪದಕ್ಕೆ ಬೆಲೆ ಹೆಚ್ಚು. ಈ ತತ್ತ್ವದಂತೆ ನಡೆಯುವ ಯಂತ್ರದ ಮುಂದೆ ‘ಶ್ರಮಜೀವಿ’, ‘ಪ್ರಾಮಾಣಿಕ’ ಎಂಬ ಮಾತುಗಳಿಂದ ಏನೂ ಲಾಭವಿಲ್ಲ, ಏಕೆಂದರೆ ಎಲ್ಲರೂ ಹಾಗೆಯೇ ಬರೆದಿರುತ್ತಾರೆ. ‘ವರ್ನಿಯರ್ ಕ್ಯಾಲಿಪರ್’, ‘ಲೇತ್’ ಎಂದು ತಾನು ಬಳಸಿದ ಉಪಕರಣಗಳನ್ನು ಹೆಸರಿಸಿದವಳಿಗೆ ಅಂಕ ಹೆಚ್ಚು. ಕೆಲಸದ ಜಾಹೀರಾತಿನಲ್ಲಿರುವ ಪದವನ್ನೇ, ಅದು ತನಗೆ ನಿಜವಾಗಿ ಒಪ್ಪುವುದಾದರೆ, ಬಳಸುವುದು ಲೇಸು. ಕೆಲವು ಜಾಣರು ಬಿಳಿಯ ಹಾಳೆಯ ಮೇಲೆ ಬಿಳಿಯ ಶಾಯಿಯಲ್ಲಿ ಪದಗಳನ್ನು ಅಡಗಿಸಿಡುವುದುಂಟು. ಯಂತ್ರವು ಬಣ್ಣವನ್ನು ಬಿಟ್ಟು ಅಕ್ಷರವನ್ನಷ್ಟೇ ಹೊರತೆಗೆಯುವುದರಿಂದ, ಆ ಗುಟ್ಟು ಅಧಿಕಾರಿಯ ಮೇಜಿನ ಮೇಲೆ ಕಪ್ಪಕ್ಷರದಲ್ಲಿಯೇ ಬಯಲಾಗಬಹುದು.

ಊರಿನ ಹೆಸರಿನಲ್ಲಿಯೂ ಎಚ್ಚರ ಬೇಕು. ಇಂಗ್ಲಿಷಿನಲ್ಲಿ ‘ತುಮ್ಕೂರ್’ ಎಂದಿದ್ದುದು 2014ರ ನವೆಂಬರ್ 1ರಿಂದ ‘ತುಮಕೂರು’ ಆಯಿತು. ಹಳೆಯ ಅಂಕಪಟ್ಟಿಯಲ್ಲಿ ಒಂದು ರೂಪ, ಅರ್ಜಿಯಲ್ಲಿ ಇನ್ನೊಂದು ಇದ್ದರೆ, ಅಕ್ಷರಕ್ಕೆ ಅಕ್ಷರ ಹೋಲಿಸುವ ಯಂತ್ರಕ್ಕೆ ಅವು ಎರಡು ಊರುಗಳು.

ಇಷ್ಟೆಲ್ಲ ಮಾಡಿದರೂ ಯಂತ್ರವು ನ್ಯಾಯವನ್ನೇ ಹೇಳೀತೆಂದು ನಂಬಲಾಗದು. ಅಮೆಜಾನ್ ಸಂಸ್ಥೆಯು 2014ರಿಂದ ರೂಪಿಸುತ್ತಿದ್ದ ಇಂತಹ ಸಾಧನವು, ಗಂಡಸರೇ ಹೆಚ್ಚಾಗಿದ್ದ ಹಳೆಯ ಅರ್ಜಿಗಳಿಂದ ಪಾಠ ಕಲಿತು, ‘ಮಹಿಳೆಯರ’ ಎಂಬ ಪದ ಕಂಡರೆ ಅಂಕ ಕಳೆಯುತ್ತಿತ್ತು. ಸಂಸ್ಥೆಯು ಅದನ್ನು ಕೈಬಿಟ್ಟ ಸಂಗತಿ 2018ರಲ್ಲಿ ಪತ್ರಿಕೆಗಳಲ್ಲಿ ಬಂದಿತು. ನಮ್ಮ ತರುಣಿಯು ಅದನ್ನು ತಿದ್ದಲಾರಳು. ತನ್ನ ಅರ್ಜಿಯನ್ನಾದರೋ ಪರೀಕ್ಷಿಸಬಲ್ಲಳು. ಸಿದ್ಧವಾದ ಪಿ.ಡಿ.ಎಫ್. ಕಡತವನ್ನು ತೆರೆದು, ಇಡೀ ಬರಹವನ್ನು ನಕಲು ಮಾಡಿ, ನೋಟ್‌ಪ್ಯಾಡಿನಲ್ಲಿ ಅಂಟಿಸಿ ನೋಡಲಿ. ಅಲ್ಲಿ ಹೆಸರು, ದೂರವಾಣಿ ಸಂಖ್ಯೆ, ವರ್ಷಗಳು ಕ್ರಮವಾಗಿ ಕಾಣಿಸಿದರೆ ಯಂತ್ರಕ್ಕೂ ಹೆಚ್ಚುಕಡಿಮೆ ಹಾಗೆಯೇ ಕಾಣಿಸುತ್ತವೆ. ಗೋಜಲು ಕಂಡರೆ ಕಳುಹಿಸುವ ಮೊದಲೇ ತಿದ್ದಿಕೊಳ್ಳಲು ಅವಕಾಶವಿದೆ.