ಮೀಟರಿನ ಮೊತ್ತದಿಂದ ದೂರಕ್ಕೆ: ಸರಳ ಸಮೀಕರಣದ ಮೊದಲ ಪಾಠ

ಬೆಂಗಳೂರಿನಲ್ಲಿ ಆಟೋ ಹತ್ತಿದ್ದೀರಿ. ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18 ಎಂದಿಟ್ಟುಕೊಳ್ಳಿ. ಇಳಿಯುವಾಗ ಮೀಟರು 126 ತೋರಿಸುತ್ತಿದೆ. (ಮೀಟರು ಹಾಕುವ ಚಾಲಕರೇ ಸಿಕ್ಕರು ಎಂದೂ ಇಟ್ಟುಕೊಳ್ಳೋಣ.) ಬಂದ ದೂರ ಎಷ್ಟು?

ಗೊತ್ತಿಲ್ಲದ ಸಂಖ್ಯೆಗೆ ಒಂದು ಹೆಸರಿಡುವುದರಿಂದ ಶುರು ಮಾಡೋಣ. ಶಾಲೆಯಲ್ಲಿ ಎಕ್ಸ್ ಅನ್ನುತ್ತಾರೆ. 12ನೇ ಶತಮಾನದ ಭಾಸ್ಕರಾಚಾರ್ಯರು ತಮ್ಮ ‘ಬೀಜಗಣಿತ’ದಲ್ಲಿ ಅದನ್ನು ‘ಯಾವತ್ತಾವತ್’ ಎಂದು ಕರೆದು, ಚಿಕ್ಕದಾಗಿ ‘ಯಾ’ ಎಂದು ಬರೆದರು. ನಾವೂ ಹಾಗೇ ಬರೆಯೋಣ. ಅಕ್ಷರ ಯಾವುದಾದರೂ ನಡೆಯುತ್ತದೆ, ಆದರೆ ಅದು ಯಾವುದರ ಅಳತೆ ಎಂಬುದನ್ನು ಮೊದಲೇ ಬರೆದಿಡಿ. ಇಲ್ಲಿ ಯಾ ಎಂದರೆ ಮೊದಲ 2 ಕಿ.ಮೀ. ಮುಗಿದ ಮೇಲೆ ಸಾಗಿದ ದೂರ.

18ಯಾ + 36 = 126

ಸಮ ಚಿಹ್ನೆಯ ಎರಡು ಬದಿಯಲ್ಲೂ ಇರುವುದು ಒಂದೇ ಸಂಖ್ಯೆ, ಬರೆದ ರೀತಿ ಮಾತ್ರ ಬೇರೆ. ಹಾಗಾಗಿ ಒಂದು ಬದಿಗೆ ಏನು ಮಾಡಿದರೂ ಇನ್ನೊಂದಕ್ಕೂ ಅದನ್ನೇ ಮಾಡಬೇಕು. ಎರಡರಿಂದಲೂ 36 ಕಳೆಯಿರಿ: 18ಯಾ = 90. ಎರಡನ್ನೂ 18ರಿಂದ ಭಾಗಿಸಿ: ಯಾ = 5. ಇಷ್ಟಕ್ಕೇ ಪೆನ್ನು ಕೆಳಗಿಡಬೇಡಿ. ಕೇಳಿದ್ದು ಒಟ್ಟು ದೂರ, ಅಂದರೆ 5 + 2 = 7 ಕಿ.ಮೀ.

“ಆ ಕಡೆ ಹೋದರೆ ಪ್ಲಸ್ ಮೈನಸ್ ಆಗುತ್ತೆ” ಎಂಬ ಸೂತ್ರವನ್ನು ನೀವು ಕೇಳಿರುತ್ತೀರಿ. ತಪ್ಪೇನಲ್ಲ, ಆದರೆ ಹೊಸಬರ ಕೈಗೆ ಅದನ್ನು ಮೊದಲ ದಿನವೇ ಕೊಡಬಾರದು ಎಂಬುದು ನನ್ನ ಹಟ. ಅದನ್ನಷ್ಟೇ ಬಾಯಿಪಾಠ ಮಾಡಿದ ಮಗು 18ಯಾ = 90 ಎಂಬಲ್ಲಿಗೆ ಬಂದು, 18ನ್ನೂ ಆ ಕಡೆ ಕಳಿಸಿ 90 − 18 = 72 ಎಂದು ಬರೆದುಬಿಡುತ್ತದೆ. 18 ಇಲ್ಲಿ ಯಾ ಜೊತೆ ಕೂಡಿಕೊಂಡಿಲ್ಲ, ಅದನ್ನು ಗುಣಿಸುತ್ತಿದೆ. ಗುಣಾಕಾರವನ್ನು ಬಿಡಿಸುವುದು ಭಾಗಾಕಾರ, ವ್ಯವಕಲನವಲ್ಲ. ತಾಳೆ ನೋಡಿದ್ದರೆ ಮಗುವಿಗೇ ತಿಳಿಯುತ್ತಿತ್ತು: 18 × 72 + 36 ಎಂದರೆ 1332 ರೂಪಾಯಿ! 5 ಇಟ್ಟು ನೋಡಿ, 90 + 36 = 126. ಉತ್ತರ ಸರಿಯೇ ಎಂದು ಮೇಷ್ಟ್ರನ್ನು ಕೇಳುವ ಅಗತ್ಯವೇ ಬೀಳದ ಪಾಠ ಇದು.

ಮೊದಲು ಭಾಗಿಸಿ ಆಮೇಲೆ ಕಳೆಯಬಹುದೇ? ಧಾರಾಳವಾಗಿ. ಆದರೆ ಭಾಗಿಸುವಾಗ ಎಡಬದಿಯ ಎರಡೂ ಪದಗಳನ್ನು ಭಾಗಿಸಬೇಕು. 36ನ್ನು ಹಾಗೇ ಬಿಟ್ಟುಬಿಡುವವರೇ ಹೆಚ್ಚು. 18ರಿಂದ ಭಾಗಿಸಿದರೆ ಯಾ + 2 = 7. ಈ ಸಾಲನ್ನು ಒಮ್ಮೆ ನಿಧಾನವಾಗಿ ಓದಿ. ಯಾ + 2 ಎಂಬುದೇ ನಮ್ಮ ಒಟ್ಟು ದೂರ! ಮೊದಲ 2 ಕಿ.ಮೀ.ಗೂ ತಲಾ 18ರಂತೆಯೇ 36 ಹಾಕಿದ್ದಾರೆ, ಅದಕ್ಕೇ ಉತ್ತರ ನೇರವಾಗಿ ಬಂದು ಕೂತಿತು.

ಯಾ ಎರಡೂ ಬದಿಯಲ್ಲಿದ್ದರೂ ಗಾಬರಿ ಬೇಡ. 5ಯಾ − 7 = 2ಯಾ + 11 ಎಂದಿದ್ದರೆ ಎರಡೂ ಕಡೆಯಿಂದ 2ಯಾ ಕಳೆಯಿರಿ, 7 ಕೂಡಿಸಿ; 3ಯಾ = 18, ಯಾ = 6. ತಾಳೆ ನೋಡಿದರೆ ಎರಡೂ ಬದಿ 23.

ಇನ್ನು ನಿಮ್ಮ ಸರದಿ. ರಾತ್ರಿ 10 ದಾಟಿದ ಮೇಲೆ ಒಂದೂವರೆ ಪಟ್ಟು ದರ: ಮೊದಲ 2 ಕಿ.ಮೀ.ಗೆ 54, ಆಮೇಲೆ ತಲಾ 27. ಮೀಟರು 216 ತೋರಿಸಿದರೆ ಎಷ್ಟು ದೂರ ಬಂದಿರಿ? ಎರಡೂ ದಾರಿಯಲ್ಲಿ ಬಿಡಿಸಿ, ತಾಳೆ ನೋಡಿ.